ಕೋಲ್ಡ್ ರೂಮಿನ ಬಾಗಿಲು ಐಸ್ ಕಟ್ಟದಂತೆ ಕಾಯುವ ಕೇಬಲ್



ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಕಡೆಯ ನಮ್ಮ ಕೇಂದ್ರಗಳಿಗೆ ಬರುವವರಲ್ಲಿ ಹಲವರು ಮೀನಿನ ಕೆಲಸದವರು. ಕೆಲವರು ಬಂಗುಡೆ, ಬೂತಾಯಿ ವಿಂಗಡಿಸುತ್ತಾರೆ. ಕೆಲವರು ಸಿಗಡಿಯ ಸಿಪ್ಪೆ ಸುಲಿಯುತ್ತಾರೆ. ಕೆಲವರು ಬೆಳಿಗ್ಗೆ ರೈಲು ಹತ್ತಿ ಮಂಗಳೂರಿಗೆ ಹೋಗುತ್ತಾರೆ. ಅಲ್ಲಿ ಮೀನಿನ ಕಂಪನಿಯಲ್ಲೋ ಐಸ್‌ಕ್ರೀಂ ಗೋದಾಮಿನಲ್ಲೋ ದುಡಿಯುತ್ತಾರೆ. ಇನ್ನು ಕೆಲವರ ಮಕ್ಕಳು ಕೊಲ್ಲಿ ದೇಶಗಳ ಶೀತಲ ಗೋದಾಮುಗಳಲ್ಲಿದ್ದಾರೆ.

ಇವರೆಲ್ಲರೂ ದಿನಕ್ಕೆ ಹತ್ತಾರು ಸಲ ಒಂದು ದಪ್ಪ ಬಾಗಿಲನ್ನು ಎಳೆದು ತೆರೆಯುತ್ತಾರೆ. ಅದು ಕೋಲ್ಡ್ ರೂಮಿನ ಬಾಗಿಲು. ಮಳೆಗಾಲದಲ್ಲಿ ಈ ಬಾಗಿಲು ಕೆಲವೊಮ್ಮೆ ಹಿಡಿದುಕೊಳ್ಳುತ್ತದೆ. ಎಷ್ಟು ಎಳೆದರೂ ಬರುವುದಿಲ್ಲ. ಅಂಚಿನಲ್ಲಿ ಐಸ್ ಕಟ್ಟಿರುತ್ತದೆ. ಆಗ ಒಬ್ಬರು ಒದೆಯುತ್ತಾರೆ, ಒಬ್ಬರು ಕತ್ತಿಯಿಂದ ಕೆರೆಯುತ್ತಾರೆ, ಒಬ್ಬರು ಬಿಸಿನೀರು ಹೊಯ್ಯುತ್ತಾರೆ. ಈ ಮೂರೂ ತಪ್ಪು. ಯಾಕೆ ತಪ್ಪು? ಐಸ್ ಕಟ್ಟದಂತೆ ಮಾಡುವುದು ಹೇಗೆ? ಅದೇ ಈ ಪಾಠ.

1. ಮೊದಲು ಅಂಕೆ ಓದೋಣ

ಕೋಲ್ಡ್ ರೂಮಿನ ಬಾಗಿಲ ಪಕ್ಕ ಒಂದು ಸಣ್ಣ ಪೆಟ್ಟಿಗೆ ಉಂಟು. ಅದರಲ್ಲಿ ಅಂಕೆ ಹೊಳೆಯುತ್ತದೆ. ಅದು ಒಳಗಿನ ಉಷ್ಣತೆ. ಅಂಕೆಯ ಮುಂದೆ ಒಂದು ಸಣ್ಣ ಅಡ್ಡ ಗೆರೆ ಇದೆಯೇ ನೋಡಿ. ಆ ಗೆರೆಗೆ ಮೈನಸ್ ಎನ್ನುತ್ತಾರೆ. ಮೈನಸ್ ಎಂದರೆ ಸೊನ್ನೆಗಿಂತ ಕೆಳಗೆ.

ನೀರು 0 ಡಿಗ್ರಿಯಲ್ಲಿ ಐಸ್ ಆಗುತ್ತದೆ. ಹೆಪ್ಪುಗಟ್ಟಿಸಿದ ಮೀನನ್ನು −18 ಡಿಗ್ರಿಯಲ್ಲಿ ಅಥವಾ ಅದಕ್ಕಿಂತ ಕೆಳಗೆ ಇಡಬೇಕು.

ಇಲ್ಲಿ ಒಂದು ವಿಷಯ ನೆನಪಿಡಿ. ಮೈನಸ್ ಇದ್ದಾಗ ಅಂಕೆ ದೊಡ್ಡದಾದಷ್ಟೂ ಚಳಿ ಹೆಚ್ಚು. −18 ಎಂಬುದು −8ಕ್ಕಿಂತ ತಣ್ಣಗೆ. ನಿನ್ನೆ −18 ಇತ್ತು, ಇವತ್ತು −8 ತೋರಿಸುತ್ತಿದೆ ಅಂದರೆ ಕೋಣೆ ಬಿಸಿಯಾಗುತ್ತಿದೆ ಎಂದು ಅರ್ಥ. ಮೈನಸ್ ಗೆರೆಯೇ ಇಲ್ಲದೆ 8 ಎಂದು ತೋರಿಸಿದರೆ ಮೀನು ಕರಗಲು ಶುರು. ಒಂದು ಸಣ್ಣ ಗೆರೆ ಓದಲು ಬಂದರೆ ಸಾವಿರಾರು ರೂಪಾಯಿಯ ಮೀನು ಉಳಿಯುತ್ತದೆ.

ಬಾಗಿಲಿಗೆ ಐಸ್ ಕಟ್ಟುವ ತೊಂದರೆ ಬರುವುದು ಹೆಚ್ಚಾಗಿ ಈ ಮೈನಸ್ ಕೋಣೆಗಳಲ್ಲಿ.

2. ಐಸ್ ಎಲ್ಲಿಂದ ಬಂತು?

ಬಾಗಿಲಿಗೆ ಯಾರೂ ನೀರು ಹಾಕಲಿಲ್ಲ. ಆದರೂ ಐಸ್ ಬಂತು. ಎಲ್ಲಿಂದ?

ಗಾಳಿಯಿಂದ. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿನ ಆವಿ ಇರುತ್ತದೆ. ಫ್ರಿಜ್ಜಿನಿಂದ ತೆಗೆದ ನೀರಿನ ಬಾಟಲಿಯನ್ನು ಮೇಜಿನ ಮೇಲಿಡಿ. ಸ್ವಲ್ಪ ಹೊತ್ತಿನಲ್ಲಿ ಅದರ ಹೊರಗೆ ಬೆವರು ಬರುತ್ತದೆ. ಆ ಬೆವರು ಬಾಟಲಿಯ ಒಳಗಿನ ನೀರಲ್ಲ. ಸುತ್ತಲಿನ ಗಾಳಿಯಲ್ಲಿದ್ದ ಆವಿ ತಂಪು ತಾಗಿ ನೀರಾಯಿತು.

ನಮ್ಮ ಕರಾವಳಿಯ ಗಾಳಿಯಲ್ಲಿ ಆವಿ ಬಹಳ. ಆಟಿ ತಿಂಗಳಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದೆ ಇರುವುದು ಇದೇ ಕಾರಣಕ್ಕೆ. ಲೆಕ್ಕ ನೋಡಿ.

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆಯಷ್ಟು ಗಾಳಿಗೆ ಒಂದು ಘನ ಮೀಟರ್ ಎನ್ನುತ್ತೇವೆ. 30 ಡಿಗ್ರಿಯ ಒದ್ದೆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರು ಇರುತ್ತದೆ. ಅದೇ ಗಾಳಿ −18 ಡಿಗ್ರಿಗೆ ತಣಿದರೆ ಸುಮಾರು 1 ಗ್ರಾಂ ಮಾತ್ರ ಹಿಡಿದುಕೊಳ್ಳಬಲ್ಲದು. ಉಳಿದ 23 ಗ್ರಾಂ ಎಲ್ಲಿ ಹೋಗಬೇಕು? ತಣ್ಣಗಿನ ಜಾಗ ಸಿಕ್ಕಿದಲ್ಲಿ ಐಸ್ ಆಗಿ ಕೂರುತ್ತದೆ.

ಒಂದು ಸಲ ಬಾಗಿಲು ತೆರೆದಾಗ 2 ಘನ ಮೀಟರ್ ಗಾಳಿ ಒಳಗೆ ನುಗ್ಗಿತು ಎಂದು ಇಟ್ಟುಕೊಳ್ಳಿ. ದಿನಕ್ಕೆ 20 ಸಲ ತೆರೆದರೆ 40 ಘನ ಮೀಟರ್ ಆಯಿತು. 40 × 23 = 920 ಗ್ರಾಂ. ಅಂದರೆ ಸುಮಾರು ಒಂದು ಲೀಟರ್ ನೀರನ್ನು ನಾವು ದಿನಾ ಕೋಲ್ಡ್ ರೂಮಿನ ಒಳಗೆ ಹೊಯ್ದ ಹಾಗೆ ಆಯಿತು.

ಈ ನೀರಿನ ಹೆಚ್ಚು ಭಾಗ ಒಳಗಿನ ತಂಪು ಯಂತ್ರದ ಕೊಳವೆಗಳ ಮೇಲೆ ಹಿಮವಾಗಿ ಕಟ್ಟುತ್ತದೆ. ಉಳಿದದ್ದು ನೆಲ, ಪರದೆ ಮತ್ತು ಬಾಗಿಲ ಅಂಚಿನಲ್ಲಿ ಕೂರುತ್ತದೆ.

3. ಬಾಗಿಲು ಯಾಕೆ ಹಿಡಿದುಕೊಳ್ಳುತ್ತದೆ?

ಕೋಲ್ಡ್ ರೂಮಿನ ಬಾಗಿಲ ಸುತ್ತ ಮೆತ್ತನೆಯ ರಬ್ಬರ್ ಪಟ್ಟಿ ಉಂಟು. ಕೆಲಸದವರು ಅದಕ್ಕೆ ಗ್ಯಾಸ್ಕೆಟ್ ಎನ್ನುತ್ತಾರೆ. ಬಾಗಿಲು ಮುಚ್ಚಿದಾಗ ಈ ರಬ್ಬರ್ ದಾರಂದಕ್ಕೆ ಒತ್ತಿ ಕೂರುತ್ತದೆ. ಹೊರಗಿನ ಬಿಸಿ ಗಾಳಿ ಮತ್ತು ಒಳಗಿನ ತಂಪು ಗಾಳಿ ಹತ್ತಿರ ಬರುವುದು ಇದೇ ಜಾಗದಲ್ಲಿ. ಹೊರಗಿನ ಆವಿ ಇಲ್ಲಿ ಮೊದಲು ಬೆವರಾಗುತ್ತದೆ, ಆಮೇಲೆ ಐಸ್ ಆಗುತ್ತದೆ. ಐಸ್ ರಬ್ಬರನ್ನೂ ದಾರಂದವನ್ನೂ ಅಂಟಿಸಿಬಿಡುತ್ತದೆ.

ಅಲ್ಲಿಗೆ ಮುಗಿಯುವುದಿಲ್ಲ. ನೀರು ಐಸ್ ಆಗುವಾಗ ಹಿಗ್ಗುತ್ತದೆ. ಹತ್ತು ಪಾಲು ನೀರು ಸುಮಾರು ಹನ್ನೊಂದು ಪಾಲು ಐಸ್ ಆಗುತ್ತದೆ. ಹಿಗ್ಗಿದ ಐಸ್ ರಬ್ಬರನ್ನು ಬದಿಗೆ ತಳ್ಳುತ್ತದೆ. ಸಣ್ಣ ಸಂದು ಬೀಳುತ್ತದೆ. ಸಂದಿನಿಂದ ಇನ್ನಷ್ಟು ಗಾಳಿ ಬರುತ್ತದೆ. ಇನ್ನಷ್ಟು ಗಾಳಿ ಎಂದರೆ ಇನ್ನಷ್ಟು ಐಸ್. ಇವತ್ತು ಬೆರಳಿನಷ್ಟು ಇದ್ದದ್ದು ವಾರದಲ್ಲಿ ಕೈಯಗಲ ಆಗುತ್ತದೆ.

ಬಾಗಿಲು ಹಿಡಿಯಲು ಇನ್ನೊಂದು ಕಾರಣವೂ ಉಂಟು. ಬಾಗಿಲು ಮುಚ್ಚಿದ ಕೂಡಲೇ ಮತ್ತೆ ತೆರೆಯಲು ಹೋದರೆ ಯಾರೋ ಒಳಗಿನಿಂದ ಎಳೆದ ಹಾಗೆ ಆಗುತ್ತದೆ. ಅದು ಐಸ್ ಅಲ್ಲ. ಒಳಗೆ ಹೋದ ಬಿಸಿ ಗಾಳಿ ತಣಿದು ಕುಗ್ಗುತ್ತದೆ. ಆಗ ಹೊರಗಿನ ಗಾಳಿ ಬಾಗಿಲನ್ನು ಒಳಕ್ಕೆ ಒತ್ತುತ್ತದೆ. ಇದಕ್ಕಾಗಿ ಗೋಡೆಯಲ್ಲಿ ಗಾಳಿ ಹೋಗಿ ಬರುವ ಒಂದು ಸಣ್ಣ ಕಿಂಡಿ ಇಟ್ಟಿರುತ್ತಾರೆ. ಆ ಕಿಂಡಿಗೂ ಐಸ್ ಕಟ್ಟಬಾರದು. ಹಾಗಾಗಿ ಅದಕ್ಕೂ ಬಿಸಿ ಕೊಡುವ ವ್ಯವಸ್ಥೆ ಇರುತ್ತದೆ. ಸ್ವಲ್ಪ ಹೊತ್ತು ಕಾದರೆ ಬಾಗಿಲು ಸಲೀಸಾಗಿ ಬಂತೇ? ಹಾಗಾದರೆ ಅದು ಗಾಳಿಯ ಒತ್ತಡ. ಕಾದರೂ ಬರಲಿಲ್ಲವೇ? ಹಾಗಾದರೆ ಐಸ್.

4. ಒಳಗೆ ಮನುಷ್ಯ ಇದ್ದರೆ?

ಬಾಗಿಲು ಹಿಡಿದರೆ ಹೊರಗಿದ್ದವರಿಗೆ ಕೆಲಸ ತಡ, ಅಷ್ಟೆ. ಒಳಗಿದ್ದವರಿಗೆ ಅದು ಜೀವದ ಪ್ರಶ್ನೆ.

ಮೈನಸ್ ಕೋಣೆಯ ಬಾಗಿಲನ್ನು ಒಳಗಿನಿಂದಲೂ ತೆರೆಯಲು ಬರಬೇಕು. ಹೊರಗೆ ಚಿಲಕ ಬಿದ್ದಿದ್ದರೂ ಒಳಗಿನ ಹಿಡಿಕೆ ಒತ್ತಿದರೆ ಚಿಲಕ ಬಿಚ್ಚಬೇಕು. ಒಳಗೆ ಬೆಲ್ ಒತ್ತುವ ಗುಂಡಿಯೂ ಇರಬೇಕು. ಹೊಸ ಜಾಗದಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಇವೆರಡನ್ನು ಕೇಳಿ ತಿಳಿದುಕೊಳ್ಳಿ. ಇನ್ನೊಬ್ಬರನ್ನು ಹೊರಗೆ ನಿಲ್ಲಿಸಿ ಒತ್ತಿ ನೋಡಿ.

ಈಗ ಮುಖ್ಯ ಮಾತು. ಒಳಗಿನ ಹಿಡಿಕೆ ಚಿಲಕವನ್ನು ಬಿಚ್ಚುತ್ತದೆ. ಐಸನ್ನು ಬಿಚ್ಚುವುದಿಲ್ಲ. ಹಿಡಿಕೆ ಸರಿ ಇದ್ದರೂ ಅಂಚಿನಲ್ಲಿ ಐಸ್ ಕಟ್ಟಿದ್ದರೆ ಬಾಗಿಲು ಬರಲಿಕ್ಕಿಲ್ಲ. ಆದುದರಿಂದ ಬಾಗಿಲಿನ ಐಸ್ ಬರೀ ರಿಪೇರಿಯ ವಿಷಯ ಅಂತ ಬಿಡುವ ಹಾಗಿಲ್ಲ. ಅದು ಒಳಗೆ ಹೋಗುವ ಪ್ರತಿಯೊಬ್ಬರ ಜೀವದ ವಿಷಯ.

ಹೊಸ್ತಿಲಿನ ಐಸ್ ಇನ್ನೊಂದು ಅಪಾಯ. ತಲೆ ಮೇಲೆ ಬುಟ್ಟಿ ಇಟ್ಟು ಬರುವವರು ಜಾರಿ ಬಿದ್ದರೆ ಸೊಂಟ ಮುರಿಯುತ್ತದೆ.

5. ಬಿಸಿ ಕೊಡುವ ಕೇಬಲ್

ಐಸ್ ಕಟ್ಟಬಾರದು ಎಂದಾದರೆ ಬಾಗಿಲ ಅಂಚು 0 ಡಿಗ್ರಿಗಿಂತ ಮೇಲಿರಬೇಕು. ಬಹಳ ಬಿಸಿ ಬೇಡ. ಸೊನ್ನೆ ದಾಟಿದರೆ ಸಾಕು. ಬೆವರು ಬರಲಿ, ಬಟ್ಟೆಯಿಂದ ಒರೆಸಬಹುದು. ಅದು ಐಸ್ ಆಗಬಾರದು, ಅಷ್ಟೆ.

ಇದಕ್ಕಾಗಿ ದಾರಂದದ ಒಳಗೆ, ರಬ್ಬರ್ ಪಟ್ಟಿ ಬಂದು ತಾಗುವ ಜಾಗದ ಹಿಂದೆ, ಒಂದು ವಿದ್ಯುತ್ ಕೇಬಲ್ ಇಡುತ್ತಾರೆ. ಎರಡು ಬದಿ, ಮೇಲೆ ಮತ್ತು ಕೆಳಗೆ ಹೊಸ್ತಿಲಲ್ಲಿ ಅದು ಹಾದುಹೋಗುತ್ತದೆ. ಕರೆಂಟ್ ಕೊಟ್ಟಾಗ ಕೇಬಲ್ ಸ್ವಲ್ಪ ಬಿಸಿಯಾಗಿ ಅಂಚನ್ನು ಬೆಚ್ಚಗೆ ಇಡುತ್ತದೆ.

ಇಂಥ ಕೇಬಲಿನಲ್ಲಿ ಎರಡು ಜಾತಿ.

ಮೊದಲನೆಯದು ಯಾವಾಗಲೂ ಒಂದೇ ಸಮನೆ ಬಿಸಿ ಕೊಡುವ ತಂತಿ. ಚಳಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಒಂದರ ಮೇಲೆ ಒಂದು ಬಿದ್ದರೆ ಆ ಜಾಗ ವಿಪರೀತ ಬಿಸಿಯಾಗಿ ಸುಟ್ಟುಹೋಗಬಹುದು. ಉದ್ದ ಹೆಚ್ಚಾಯಿತೆಂದು ನಡುವೆ ಕತ್ತರಿಸುವ ಹಾಗೂ ಇಲ್ಲ.

ಎರಡನೆಯದು ತನ್ನ ಬಿಸಿಯನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಕೇಬಲ್. ಚಳಿ ಹೆಚ್ಚಾದರೆ ಹೆಚ್ಚು ಬಿಸಿ, ಚಳಿ ಕಡಿಮೆಯಾದರೆ ಕಡಿಮೆ ಬಿಸಿ. ಇದಕ್ಕೆ ಸ್ವಯಂ ನಿಯಂತ್ರಣದ ಕೇಬಲ್ ಎನ್ನೋಣ. ಅಮೆರಿಕದ ರೇಕೆಮ್ ಎಂಬ ಕಂಪನಿ 1970ರ ದಶಕದ ಆರಂಭದಲ್ಲಿ ಇಂಥ ಕೇಬಲನ್ನು ಮಾರುಕಟ್ಟೆಗೆ ತಂದಿತು. ಚಳಿ ದೇಶಗಳಲ್ಲಿ ನೀರಿನ ಪೈಪು ಹೆಪ್ಪುಗಟ್ಟದಂತೆ ಕಾಯಲು ಇದನ್ನು ಬಹಳ ಬಳಸುತ್ತಾರೆ. ಈಗ ಬೇರೆ ಬೇರೆ ಕಂಪನಿಗಳು ತಯಾರಿಸುತ್ತವೆ.

6. ಕೇಬಲಿಗೆ ಹೇಗೆ ಗೊತ್ತಾಗುತ್ತದೆ?

ಈ ಕೇಬಲನ್ನು ಅಡ್ಡ ಕತ್ತರಿಸಿ ನೋಡಿದರೆ ಒಳಗೆ ಎರಡು ತಾಮ್ರದ ತಂತಿಗಳು ಕಾಣುತ್ತವೆ. ಎರಡರ ನಡುವೆ ಕಪ್ಪು ಪ್ಲಾಸ್ಟಿಕ್ ತುಂಬಿದೆ. ಆ ಕಪ್ಪು ಎಲ್ಲಿಂದ? ಅದು ಇಂಗಾಲದ ನುಣ್ಣನೆಯ ಮಸಿ. ಅಡುಗೆ ಮನೆಯ ಮಾಡಿಗೆ ಹಿಡಿಯುವ ಮಸಿಯ ಜಾತಿಯದೇ. ಪ್ಲಾಸ್ಟಿಕಿನಲ್ಲಿ ಕರೆಂಟ್ ಹರಿಯುವುದಿಲ್ಲ. ಮಸಿಯಲ್ಲಿ ಹರಿಯುತ್ತದೆ.

ಏಣಿಯನ್ನು ನೆನಪಿಸಿಕೊಳ್ಳಿ. ಎರಡು ತಾಮ್ರದ ತಂತಿಗಳು ಏಣಿಯ ಎರಡು ಉದ್ದ ಗಳುಗಳು. ನಡುವಿನ ಕಪ್ಪು ಪ್ಲಾಸ್ಟಿಕ್ ಏಣಿಯ ಮೆಟ್ಟಿಲು. ಕರೆಂಟ್ ಒಂದು ಗಳುವಿನಿಂದ ಇನ್ನೊಂದಕ್ಕೆ ಮೆಟ್ಟಿಲ ಮೂಲಕ ದಾಟುತ್ತದೆ. ದಾಟುವಾಗ ಬಿಸಿ ಹುಟ್ಟುತ್ತದೆ. ಏಣಿಯನ್ನು ಅರ್ಧಕ್ಕೆ ಕತ್ತರಿಸಿದರೂ ಉಳಿದ ಮೆಟ್ಟಿಲುಗಳು ಹಾಗೇ ಇರುತ್ತವೆ, ಅಲ್ಲವೇ? ಅದೇ ರೀತಿ ಈ ಕೇಬಲನ್ನು ಬೇಕಾದ ಉದ್ದಕ್ಕೆ ಕತ್ತರಿಸಬಹುದು.

ಇನ್ನು ಬಿಸಿ ಹೆಚ್ಚು ಕಡಿಮೆ ಆಗುವುದು ಹೇಗೆ? ದಕ್ಕೆಯಲ್ಲಿ ಬೋಟಿನಿಂದ ಮೀನಿನ ಬುಟ್ಟಿ ಇಳಿಸುವುದನ್ನು ನೋಡಿದ್ದೀರಿ. ಜನ ಹತ್ತಿರ ಹತ್ತಿರ ಸಾಲಾಗಿ ನಿಂತರೆ ಬುಟ್ಟಿ ಕೈಯಿಂದ ಕೈಗೆ ಬೇಗ ದಾಟುತ್ತದೆ. ಜನ ದೂರ ದೂರ ನಿಂತರೆ ಕೈ ಎಟುಕುವುದಿಲ್ಲ. ಬುಟ್ಟಿ ಅಲ್ಲೇ ನಿಲ್ಲುತ್ತದೆ.

ಮಸಿಯ ಕಣಗಳೂ ಹಾಗೆಯೇ. ಚಳಿಯಲ್ಲಿ ಪ್ಲಾಸ್ಟಿಕ್ ಕುಗ್ಗುತ್ತದೆ. ಮಸಿಯ ಕಣಗಳು ಹತ್ತಿರ ಬಂದು ಒಂದಕ್ಕೊಂದು ತಾಗುತ್ತವೆ. ಕರೆಂಟಿಗೆ ನೂರಾರು ದಾರಿ ಸಿಗುತ್ತದೆ. ಬಿಸಿ ಹೆಚ್ಚುತ್ತದೆ. ಬಿಸಿಯಾದಾಗ ಪ್ಲಾಸ್ಟಿಕ್ ಹಿಗ್ಗುತ್ತದೆ. ಕಣಗಳು ದೂರವಾಗುತ್ತವೆ. ದಾರಿಗಳು ಕಡಿಯುತ್ತವೆ. ಬಿಸಿ ತಾನಾಗಿ ಇಳಿಯುತ್ತದೆ.

ಇದು ಕೇಬಲಿನ ಪ್ರತಿ ಜಾಗದಲ್ಲೂ ಬೇರೆ ಬೇರೆಯಾಗಿ ನಡೆಯುತ್ತದೆ. ಹೊಸ್ತಿಲ ಬಳಿ ಚಳಿ ಹೆಚ್ಚು ಎಂದಾದರೆ ಅಲ್ಲಿ ಮಾತ್ರ ಹೆಚ್ಚು ಬಿಸಿ. ಮೇಲೆ ಬೆಚ್ಚಗಿದ್ದರೆ ಅಲ್ಲಿ ಕಡಿಮೆ. ಆದರೆ ಬಿಸಿ ಪೂರ್ತಿ ನಿಲ್ಲುವುದಿಲ್ಲ. ಸ್ವಲ್ಪ ಕರೆಂಟ್ ಯಾವಾಗಲೂ ಹರಿಯುತ್ತಿರುತ್ತದೆ.

7. ಕರೆಂಟಿನವರನ್ನು ಕೇಳಿದ ಪ್ರಶ್ನೆಗಳು

ಈ ಪಾಠದ ದಿನ ಕೋಲ್ಡ್ ರೂಮಿನ ವಿದ್ಯುತ್ ಕೆಲಸ ಮಾಡುವ ಒಬ್ಬರನ್ನು ಕೇಂದ್ರಕ್ಕೆ ಕರೆದರೆ ಒಳ್ಳೆಯದು. ಮಾತುಕತೆ ಹೀಗೆ ಇರಬಹುದು. ಇಬ್ಬರು ಎದ್ದು ನಿಂತು ಗಟ್ಟಿಯಾಗಿ ಓದಿ.

ಅಕ್ಕ: ಅಣ್ಣಾ, ಕೇಬಲ್ ಬಿಸಿ ಆದ್ರೆ ಒಳಗಿನ ಮೀನು ಕರಗುದಿಲ್ವಾ?

ಅಣ್ಣ: ಇಲ್ಲಕ್ಕ. ಅದರ ಬಿಸಿ ದಾರಂದದ ಅಂಚಿಗೆ ಮಾತ್ರ. ಸ್ವಲ್ಪ ಬಿಸಿ ಒಳಗೆ ಹೋಗ್ತದೆ, ಅದನ್ನು ತಂಪು ಮಾಡುವ ಯಂತ್ರವೇ ನೋಡಿಕೊಳ್ತದೆ. ಬಾಗಿಲಿಗೆ ಸಂದು ಬಿದ್ರೆ ಒಳಗೆ ಹೋಗುವ ಬಿಸಿ ಇದಕ್ಕಿಂತ ಎಷ್ಟೋ ಜಾಸ್ತಿ.

ಅಕ್ಕ: ಕೇಬಲಿನ ಕೊನೆಯಲ್ಲಿ ಎರಡೂ ತಂತಿಯನ್ನು ಸೇರಿಸ್ಬೇಕಾ?

ಅಣ್ಣ: ಅಯ್ಯೋ, ಬೇಡವೇ ಬೇಡ! ಸೇರಿಸಿದ್ರೆ ಶಾರ್ಟ್ ಆಗ್ತದೆ. ಕರೆಂಟ್ ದಾಟುದು ನಡುವಿನ ಕಪ್ಪು ಪ್ಲಾಸ್ಟಿಕಿನಲ್ಲಿ. ಕೊನೆಗೆ ನೀರು ಹೋಗದ ಹಾಗೆ ಟೊಪ್ಪಿ ಹಾಕಿ ಬಿಗಿ ಮುಚ್ಚಬೇಕು. ಅದಕ್ಕೆ ಕಂಪನಿಯದ್ದೇ ಸಾಮಾನು ಬರ್ತದೆ. ಬರೀ ಟೇಪ್ ಸುತ್ತಿದ್ರೆ ಸಾಲುದಿಲ್ಲ.

ಅಕ್ಕ: ಒದ್ದೆ ಜಾಗದಲ್ಲಿ ಕರೆಂಟ್ ಅಂದ್ರೆ ಹೆದರಿಕೆ ಆಗ್ತದೆ.

ಅಣ್ಣ: ಹೆದರಿಕೆ ಇರುದು ಒಳ್ಳೆದೇ. ಅದಕ್ಕೇ ಕೇಬಲಿನ ಮೇಲೆ ಲೋಹದ ಬಲೆ ಇರುದು. ಆ ಬಲೆಯನ್ನು ಅರ್ತ್ ಮಾಡಬೇಕು. ಮತ್ತೆ ಇಎಲ್‌ಸಿಬಿ ಬೇಕು. ಕರೆಂಟ್ ಸ್ವಲ್ಪ ಸೋರಿದ್ರೂ ಅದು ಲೈನ್ ಕಟ್ ಮಾಡ್ತದೆ. ಮನುಷ್ಯರ ಜೀವ ಕಾಯ್ಲಿಕ್ಕೆ 30 ಮಿಲಿ ಆಂಪಿಯರಿನದ್ದು ಹಾಕ್ತಾರೆ.

ಅಕ್ಕ: ಅದು ಪದೇ ಪದೇ ಬೀಳ್ತದೆ ಅಂತ ಕೆಲವರು ತಪ್ಪಿಸಿ ನೇರ ಕನೆಕ್ಷನ್ ಕೊಡ್ತಾರಲ್ಲ?

ಅಣ್ಣ: ಅದು ಜೀವದ ಜೊತೆ ಆಟ. ಪದೇ ಪದೇ ಬೀಳ್ತದೆ ಅಂದ್ರೆ ಎಲ್ಲೋ ಕೇಬಲ್ ಗಾಯ ಆಗಿದೆ ಅಥವಾ ನೀರು ಹೋಗಿದೆ. ಅದನ್ನು ಹುಡುಕಿ ಸರಿ ಮಾಡಬೇಕು.

ಅಕ್ಕ: ಕರೆಂಟ್ ಹೋದಾಗ ಎಂತ ಮಾಡುದು?

ಅಣ್ಣ: ಆಗ ಈ ಕೇಬಲಿನ ಬಿಸಿಯೂ ನಿಲ್ತದೆ. ಕೋಣೆಯಲ್ಲಿ ತಂಪು ಮಾತ್ರ ತುಂಬಾ ಹೊತ್ತು ಇರ್ತದೆ. ಆಗ ಅಂಚಿಗೆ ಐಸ್ ಕಟ್ಟಬಹುದು. ಜನರೇಟರ್ ಇದ್ದರೆ ಬಾಗಿಲಿನ ಕೇಬಲ್, ಒಳಗಿನ ಲೈಟು, ಬೆಲ್ ಮೂರಕ್ಕೂ ಅದರಿಂದ ಲೈನ್ ಇರ್ಲಿ. ಕರೆಂಟ್ ಇಲ್ಲದಾಗ ಒಬ್ಬರೇ ಒಳಗೆ ಹೋಗ್ಬೇಡಿ.

ಅಕ್ಕ: ಈ ಕೇಬಲನ್ನು ನಾವೇ ಹಾಕ್ಬಹುದಾ?

ಅಣ್ಣ: ಬೇಡಕ್ಕ. ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಹಾಕಬೇಕು. ಚಳಿಯಲ್ಲಿ ಮೊದಲು ಸ್ವಿಚ್ ಹಾಕಿದಾಗ ಇದು ಸ್ವಲ್ಪ ಹೊತ್ತು ಹೆಚ್ಚು ಕರೆಂಟ್ ಎಳೀತದೆ. ಅದಕ್ಕೆ ಸರಿಯಾದ ಬ್ರೇಕರ್ ಬೇಕು. ಹೆಚ್ಚು ಅಂದ್ರೆ ಎಷ್ಟು ಉದ್ದ ಹಾಕ್ಬಹುದು ಅಂತ ಕಂಪನಿಯವರು ಬರೆದಿರ್ತಾರೆ. ಅದನ್ನು ನೋಡಿಯೇ ಹಾಕಬೇಕು. ನಿಮ್ಮ ಕೆಲಸ ನೋಡುದು, ಹೇಳುದು. ಅದೇ ದೊಡ್ಡ ಕೆಲಸ.

8. ಕರೆಂಟ್ ಎಷ್ಟು ಬೇಕು?

ಒಂದು ಬಾಗಿಲು 2 ಮೀಟರ್ ಎತ್ತರ, 1 ಮೀಟರ್ ಅಗಲ ಇದೆ. ನಾಲ್ಕೂ ಬದಿಗೆ ಕೇಬಲ್ ಹಾಕಬೇಕು.

2 + 1 + 2 + 1 = 6 ಮೀಟರ್.

ಕೇಬಲಿನ ಮೇಲೆ ಒಂದು ಮೀಟರಿಗೆ 15 ವ್ಯಾಟ್ ಎಂದು ಬರೆದಿದೆ ಎಂದುಕೊಳ್ಳಿ.

6 × 15 = 90 ವ್ಯಾಟ್.

ದಿನಕ್ಕೆ 24 ಗಂಟೆ ಉರಿದರೆ 90 × 24 = 2160. ಇದನ್ನು 1000ದಿಂದ ಭಾಗಿಸಿದರೆ 2.16 ಯೂನಿಟ್. 30 ದಿನಕ್ಕೆ 64.8 ಯೂನಿಟ್. ಯೂನಿಟಿಗೆ 8 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ ತಿಂಗಳಿಗೆ 518 ರೂಪಾಯಿ 40 ಪೈಸೆ.

ಕೇಬಲ್ ಎಷ್ಟು ಬಿಸಿ ಕೊಡುತ್ತದೆ ಎಂಬುದು ಅಲ್ಲಿಯ ಚಳಿಯ ಮೇಲೆ ಹೋಗುತ್ತದೆ. ಹಾಗಾಗಿ ಲೆಕ್ಕದ ಅಂಕೆಯೂ ಮೀಟರಿನ ಅಂಕೆಯೂ ಒಂದೇ ಆಗಿರಬೇಕೆಂದಿಲ್ಲ. ಆದರೂ ಲೆಕ್ಕ ಗೊತ್ತಿದ್ದರೆ ಒಳ್ಳೆಯದು. ಖರ್ಚು ಉಳಿಸಲೆಂದು ಯಾರಾದರೂ ಬಾಗಿಲಿನ ಕೇಬಲ್ ಸ್ವಿಚ್ ಆಫ್ ಮಾಡಿದರೆ ಉಳಿಯುವುದು ಎಷ್ಟು, ಅಪಾಯ ಎಷ್ಟು ಎಂದು ನೀವೇ ತೂಗಿ ನೋಡಬಹುದು.

9. ದಿನವೂ ನೋಡಬೇಕಾದ್ದು

ಕೇಬಲ್ ಇದೆ ಎಂದು ಮರೆತು ಕೂರಬಾರದು. ವರ್ಷಗಳು ಕಳೆದಂತೆ ಅದರ ಬಿಸಿ ಕಡಿಮೆಯಾಗಬಹುದು. ಕೆಳಗಿನ ಕೆಲಸಕ್ಕೆ ಐದು ನಿಮಿಷ ಸಾಕು.

• ಬೆಳಿಗ್ಗೆ ಬಾಗಿಲ ನಾಲ್ಕೂ ಅಂಚು ನೋಡಿ. ಒಂದೇ ಜಾಗದಲ್ಲಿ ಐಸ್ ಇದ್ದರೆ ಅಲ್ಲಿ ರಬ್ಬರ್ ಹರಿದಿರಬಹುದು. ಸುತ್ತಲೂ ಐಸ್ ಇದ್ದರೆ ಕೇಬಲಿಗೆ ಕರೆಂಟ್ ಬರುತ್ತಿಲ್ಲ ಎಂಬ ಸಂಶಯ ಬರಬೇಕು.

• ಒಂದು ಕಾಗದವನ್ನು ರಬ್ಬರ್ ಮತ್ತು ದಾರಂದದ ನಡುವೆ ಇಟ್ಟು ಬಾಗಿಲು ಮುಚ್ಚಿ. ಕಾಗದ ಎಳೆಯಿರಿ. ಬಿಗಿಯಾಗಿ ಹಿಡಿದಿದ್ದರೆ ರಬ್ಬರ್ ಸರಿ ಇದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸಂದು ಇದೆ. ನಾಲ್ಕೂ ಬದಿಯಲ್ಲಿ ಹೀಗೆ ಮಾಡಿ.

• ಒಳಗಿನ ಹಿಡಿಕೆ ಮತ್ತು ಬೆಲ್ ಪರೀಕ್ಷಿಸಿ. ಹೊರಗೆ ಒಬ್ಬರು ಇರಲೇಬೇಕು.

• ಹೊಸ್ತಿಲಿನ ನೀರು, ಮೀನಿನ ಚೂರು ಒರೆಸಿ ತೆಗೆಯಿರಿ.

• ಬಾಗಿಲ ಒಳಗೆ ನೇತಾಡುವ ಪ್ಲಾಸ್ಟಿಕ್ ಪರದೆಯನ್ನು ಮೇಲೆ ಕಟ್ಟಿ ಇಡಬೇಡಿ. ಹೊರಗಿನ ಗಾಳಿಯನ್ನು ತಡೆಯುವುದು ಅದೇ.

• ಬಾಗಿಲಿಗೆ ಪೆಟ್ಟಿಗೆ ಅಡ್ಡ ಇಟ್ಟು ತೆರೆದಿಡಬೇಡಿ. ಬೇಕಾದ ಸಾಮಾನು ಮೊದಲೇ ಗೊತ್ತು ಮಾಡಿಕೊಂಡು ಒಂದೇ ಸಲ ತನ್ನಿ.

• ಬಿಳಿ ಹಿಮ ಹಿಡಿದ ಲೋಹವನ್ನು ಬರಿಗೈಯಿಂದ, ಅದರಲ್ಲೂ ಒದ್ದೆ ಕೈಯಿಂದ ಮುಟ್ಟಬೇಡಿ. ಚರ್ಮ ಅಂಟಿಕೊಳ್ಳುತ್ತದೆ.

ಐಸ್ ಕಟ್ಟಿಯೇ ಬಿಟ್ಟಿದ್ದರೆ ಎಂತ ಮಾಡುವುದು?

ಮೊದಲು ಒಳಗೆ ಯಾರೂ ಇಲ್ಲ ಎಂದು ಖಚಿತ ಮಾಡಿಕೊಳ್ಳಿ. ಇದ್ದರೆ ಕೂಡಲೇ ಮೇಲ್ವಿಚಾರಕರನ್ನು ಕೂಗಿ, ಎಲ್ಲರನ್ನೂ ಸೇರಿಸಿ. ಆಗ ಬಾಗಿಲು ಹಾಳಾದರೂ ಚಿಂತೆ ಇಲ್ಲ, ಮನುಷ್ಯರನ್ನು ಹೊರಗೆ ತರಬೇಕು.

ಒಳಗೆ ಯಾರೂ ಇಲ್ಲದಿದ್ದರೆ ಅವಸರ ಬೇಡ. ಕತ್ತಿ, ಉಳಿ, ಸ್ಕ್ರೂ ಡ್ರೈವರ್ ಹಾಕಬೇಡಿ. ರಬ್ಬರೂ ಹರಿಯುತ್ತದೆ, ಒಳಗಿನ ಕೇಬಲಿಗೂ ಪೆಟ್ಟಾಗುತ್ತದೆ. ಒದೆಯಬೇಡಿ. ಕೀಲು ಓರೆಯಾಗುತ್ತದೆ. ಬಿಸಿನೀರು ಹೊಯ್ಯಬೇಡಿ. ಆ ನೀರು ಸಂದಿಗೆ ಇಳಿದು ಮತ್ತೆ ಐಸ್ ಆಗುತ್ತದೆ. ಹೊಸ್ತಿಲೂ ಜಾರುತ್ತದೆ.

ಕೇಬಲಿನ ಸ್ವಿಚ್ ಯಾರಾದರೂ ಆಫ್ ಮಾಡಿದ್ದಾರೆಯೇ ಎಂದು ಕೇಳಿ. ಕರೆಂಟಿನವರನ್ನು ಕರೆಸಿ. ಅವರು ಲೈನ್ ಕಟ್ ಮಾಡಿಕೊಟ್ಟ ಮೇಲೆ, ಬಿಸಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯನ್ನು ಅಂಚಿಗೆ ಒತ್ತಿ ಹಿಡಿಯಿರಿ. ಐಸ್ ಬಿಟ್ಟ ಕೂಡಲೇ ಒಣ ಬಟ್ಟೆಯಿಂದ ಪೂರ್ತಿ ಒರೆಸಿ.

10. ಬರೆದು ತಿಳಿಸೋಣ

ಬಾಯಿಮಾತಿನಲ್ಲಿ ಹೇಳಿದ್ದು ಗಾಳಿಯಲ್ಲಿ ಹೋಗಬಹುದು. ಬರೆದುಕೊಟ್ಟದ್ದು ಉಳಿಯುತ್ತದೆ. ತಾರೀಕು ಹಾಕಿದ ಒಂದು ಚೀಟಿ ಇದ್ದರೆ "ನನಗೆ ಯಾರೂ ಹೇಳಲೇ ಇಲ್ಲ" ಎನ್ನಲು ಬರುವುದಿಲ್ಲ. ಮಾದರಿ ಚೀಟಿ ಇಲ್ಲಿದೆ. ನಿಮ್ಮ ಪುಸ್ತಕದಲ್ಲಿ ಬರೆಯಿರಿ.

ತಾರೀಕು: ............
ಸಮಯ: ............

ಮೇಲ್ವಿಚಾರಕರಿಗೆ ನಮಸ್ಕಾರ.
............ ನೇ ನಂಬರಿನ ಕೋಲ್ಡ್ ರೂಮಿನ ಬಾಗಿಲಿಗೆ ಐಸ್ ಕಟ್ಟಿದೆ. ಐಸ್ ಇರುವ ಜಾಗ: ಮೇಲೆ / ಬಲಬದಿ / ಎಡಬದಿ / ಹೊಸ್ತಿಲು. ಒಳಗಿನ ಹಿಡಿಕೆ ಕೆಲಸ ಮಾಡುತ್ತದೆ / ಮಾಡುವುದಿಲ್ಲ. ಪೆಟ್ಟಿಗೆಯಲ್ಲಿ ಕಾಣುವ ಅಂಕೆ: ............ ದಯವಿಟ್ಟು ಬಾಗಿಲಿನ ಕೇಬಲನ್ನೂ ರಬ್ಬರ್ ಪಟ್ಟಿಯನ್ನೂ ಇವತ್ತೇ ಪರೀಕ್ಷೆ ಮಾಡಿಸಿ. ಅಲ್ಲಿಯ ತನಕ ಯಾರನ್ನೂ ಒಬ್ಬರೇ ಒಳಗೆ ಕಳಿಸಬೇಡಿ.

ಸಹಿ: ............

ಇದರ ಒಂದು ಪ್ರತಿ ನಿಮ್ಮಲ್ಲೂ ಇರಲಿ.

ಹೊಸ ಪದಗಳು

ದಾರಂದ – ಬಾಗಿಲು ಕೂರುವ ಚೌಕಟ್ಟು
ಗ್ಯಾಸ್ಕೆಟ್ – ಬಾಗಿಲ ಅಂಚಿನ ರಬ್ಬರ್ ಪಟ್ಟಿ
ಆವಿ – ಗಾಳಿಯಲ್ಲಿ ಸೇರಿಕೊಂಡ, ಕಣ್ಣಿಗೆ ಕಾಣದ ನೀರು
ಮೈನಸ್ – ಸೊನ್ನೆಗಿಂತ ಕೆಳಗೆ
ಸ್ವಯಂ ನಿಯಂತ್ರಣ – ತನ್ನನ್ನು ತಾನೇ ಹತೋಟಿಯಲ್ಲಿ ಇಟ್ಟುಕೊಳ್ಳುವುದು
ಇಎಲ್‌ಸಿಬಿ – ಕರೆಂಟ್ ಸೋರಿದರೆ ಲೈನ್ ಕಟ್ ಮಾಡುವ ಸಾಧನ

ಅಭ್ಯಾಸ

ಅ) ಬಿಟ್ಟ ಸ್ಥಳ ತುಂಬಿರಿ.
1. ನೀರು ........ ಡಿಗ್ರಿಯಲ್ಲಿ ಐಸ್ ಆಗುತ್ತದೆ.
2. ಬಾಗಿಲಿನ ಐಸ್ ಬರುವುದು ಗಾಳಿಯಲ್ಲಿರುವ ........ ಇಂದ.
3. ಚಳಿಯಲ್ಲಿ ಕೇಬಲಿನ ಕಪ್ಪು ಪ್ಲಾಸ್ಟಿಕ್ ........ ತ್ತದೆ.

ಆ) ಸರಿಯೇ, ತಪ್ಪೇ?
1. −8 ಎಂಬುದು −18ಕ್ಕಿಂತ ತಣ್ಣಗೆ.
2. ಒಳಗಿನ ಹಿಡಿಕೆ ಸರಿ ಇದ್ದರೆ ಐಸ್ ಕಟ್ಟಿದ್ದರೂ ಬಾಗಿಲು ಖಂಡಿತ ತೆರೆಯುತ್ತದೆ.
3. ಕೇಬಲಿನ ಕೊನೆಯಲ್ಲಿ ಎರಡು ತಂತಿ ಸೇರಿಸಬಾರದು.

ಇ) ಲೆಕ್ಕ ಮಾಡಿ.
ಒಂದು ಬಾಗಿಲು 2 ಮೀಟರ್ ಎತ್ತರ, 2 ಮೀಟರ್ ಅಗಲ ಇದೆ. ನಾಲ್ಕೂ ಬದಿಗೆ ಕೇಬಲ್ ಎಷ್ಟು ಮೀಟರ್ ಬೇಕು? ಮೀಟರಿಗೆ 15 ವ್ಯಾಟ್ ಆದರೆ ಒಟ್ಟು ಎಷ್ಟು ವ್ಯಾಟ್?

ಈ) ಮಾಡಿ ನೋಡಿ.
ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಕಾಗದದ ಪರೀಕ್ಷೆ ಮಾಡಿ. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಚಿತ್ರ ಬಿಡಿಸಿ ಗುರುತು ಹಾಕಿ. ಮುಂದಿನ ತರಗತಿಗೆ ತನ್ನಿ.

ಉತ್ತರಗಳು: ಅ) 0, ಆವಿ, ಕುಗ್ಗು. ಆ) ತಪ್ಪು, ತಪ್ಪು, ಸರಿ. ಇ) 8 ಮೀಟರ್, 120 ವ್ಯಾಟ್.